ಅತ್ತಿಯವರು ಸೂಜಿಗೆ ಹೂಂ ಅಂದ್ರು

ರೀ,

ನೀವು ಫೋನ್ ಮನ್ಯಾಗ ಬಿಟ್ಟು ಹೊಲಕ್ಕ ಹೋಗೀರಿ, ಅದಕ್ಕ ಈ ಚೀಟಿ. ಡಾಕ್ಟರು ಇವತ್ತ ಬರ್ರಿ ಅಂದ್ರು. ಅತ್ತಿಯವರ್ನ ಕರ್ಕೊಂಡು ಹುಬ್ಬಳ್ಳಿಗೆ ಹೊಂಟೇನಿ.

ನೀವು ಹಟ ಹಿಡಿದಿದ್ರೆಲ್ಲಾ, ಬಾಯಾಗ ನಳಿಗಿ ಇಳಿಸಿ ನೋಡೂ ಪರೀಕ್ಷೆ, ಅದು ಬ್ಯಾಡ ಅಂದ್ರು ಡಾಕ್ಟರು. ಪುಪ್ಪುಸದ ಗಂಟು ಪಕ್ಕೆಲುಬಿನ ಬಾಜೂಕ ಐತಿ, ನಳಿಗಿ ಅಲ್ಲೀತನಕ ಹೋಗೂದು ಕಷ್ಟ. ಸ್ಕ್ಯಾನಿನ್ಯಾಗ ನೋಡ್ಕೋತ ಬೆನ್ನಿಂದ ಸೂಜಿ ಹಾಕಿದ್ರ ಪರೀಕ್ಷೆಗೆ ಗಂಟಿನ ತುಣುಕು ಸಿಗೂದು ಹೆಚ್ಚು ಖಾತ್ರಿ. ಗಾಳಿ ಸೋರೂ ಅಂಜಿಕಿ ಸ್ವಲ್ಪ ಐತಿ, ಅದಕ್ಕ ರಾತ್ರಿ ಅಲ್ಲೇ ಇರ್ತೇವಿ.

ಅತ್ತಿಯವರು ನಕ್ಕೋತ, “ಕೌದಿ ಹೊಲಿಯಾಕಿಗೆ ಸೂಜಿ ಅಂದ್ರ ಎಂಥಾ ಅಂಜಿಕಿಬೇ?” ಅಂದ್ರು.

ರೊಟ್ಟಿ, ಬದನಿಕಾಯಿ ಪಲ್ಯ ಮುಚ್ಚಿಟ್ಟೇನಿ. ಎಮ್ಮಿಗೆ ನೀರು ಕುಡಸ್ರಿ. ಮೊಬೈಲಿನ್ಯಾಗ ಮತ್ತ ರೋಗ ಹುಡುಕ್ಕೋತ ಕುಂದ್ರಬ್ಯಾಡ್ರಿ!

ಬಾಗಲಾ ದಾಟೂ ಮುಂದ ಮಾತ್ರ ಅತ್ತಿಯವರು ನಿಮ್ಮ ಹೆಸರು ಹಿಡಿದು ಸಣ್ಣ ದನೀಲೆ, “ಗೌರೀಶಗ ಬಾ ಅಂತ ಬರಿ” ಅಂದ್ರು. ಉಂಡು ಲಗೂನ ಬರ್ರಿ.

ಸುನಿತಾ