ಬಸ್ಸಿನಡಿ ಇರುವವರನ್ನು ಕೂಗಬೇಡಿ

ಭಾನುವಾರ ಬೆಳಗ್ಗೆ,
ಮಾರ್ಚ್ ಹದಿನಾಲ್ಕು

ನನ್ನ ಪುಟ್ಟಿಗೆ, ಅಮ್ಮನ ಮುದ್ದು.

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಮಂಡಿ ಊದಿಕೊಂಡು ಮಲಗಿಬಿಟ್ಟಿದ್ದೆ. ಈಗ ಗೋಡೆ ಹಿಡಿದು ಓಡಾಡುತ್ತಿದ್ದೇನೆ, ಗಾಬರಿಯಾಗಬೇಡ. ನಿನ್ನನ್ನು ವಾರ್ಡಿನ ಹೆಡ್ ನರ್ಸ್ ಮಾಡಿದ್ದನ್ನು ಓಣಿಗೆಲ್ಲ ಸಾರಿಬಿಟ್ಟಿದ್ದೇನೆ. ಪಕ್ಕದ ಮನೆಯ ಟೈಲರ್ ಅಂತೂ, "ಇನ್ಮೇಲೆ ಸೂಜಿ ಚುಚ್ಚಿಸ್ಕೊಳ್ಳೋಕೂ ಶಿಫಾರಸು ಬೇಕಾ ಅಮ್ಮ?" ಎಂದು ಕಾಲೆಳೆದರು.

ಆದರೆ ಪತ್ರದ ಕೊನೆಯಲ್ಲಿ ನೀನು ಬರೆದದ್ದು ಮನಸ್ಸಿನಲ್ಲೇ ಕೊರೆಯುತ್ತಿದೆ. ನೀನು ವಾರ್ಡಿನೊಳಗೆ ಬಂದರೆ ನರ್ಸ್ ಹುಡುಗಿಯರೆಲ್ಲ ಮಾತು ನಿಲ್ಲಿಸುತ್ತಾರಂತೆ, ತಪ್ಪಾದರೆ ಮುಚ್ಚಿಡುತ್ತಾರಂತೆ. "ಅಪ್ಪ ಅಷ್ಟು ಜನರನ್ನು ಹೇಗಮ್ಮ ನಡೆಸ್ತಿದ್ರು?" ಎಂದು ಕೇಳಿದ್ದೀಯ.

ನಡೆಸುವುದೆಂದರೇನೋ ನನಗೆ ಗೊತ್ತಿಲ್ಲ. ಕಂಡದ್ದನ್ನು ಹೇಳುತ್ತೇನೆ. ಬಸ್ ಡಿಪೋದ ರಿಪೇರಿ ವಿಭಾಗಕ್ಕೆ ನಿನ್ನಪ್ಪನನ್ನು ಮುಖ್ಯಸ್ಥರನ್ನಾಗಿ ಮಾಡಿದಾಗ ಗಾಜಿನ ಕೋಣೆಯೊಂದನ್ನು ಕೊಟ್ಟಿದ್ದರು. ಅವರು ಅದರಲ್ಲಿ ಬೆಂಚು ಹಾಕಿಸಿ, ಮೆಕ್ಯಾನಿಕ್‌ಗಳು ಊಟ ಮಾಡಲು ಬಿಟ್ಟುಕೊಟ್ಟು, ತಮ್ಮ ಮೇಜನ್ನು ಶೆಡ್ಡಿನ ಮೂಲೆಗೆ ಎಳೆದುಕೊಂಡರು. ಅಂಗಿಯ ಗ್ರೀಸ್ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗುತ್ತಿತ್ತು. "ಮುಖ್ಯಸ್ಥರಿಗೆ ಇಷ್ಟು ಗ್ರೀಸ್ ಯಾಕ್ರೀ?" ಎಂದರೆ ನಗುತ್ತಿದ್ದರು, ಅಷ್ಟೇ. ಹಾಗೆಂದು ಮೆತ್ತಗಿನ ಮನುಷ್ಯರಲ್ಲ. ಕುಡಿದು ಬಂದವನೊಬ್ಬನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಅವನನ್ನು ಮನೆಗೆ ಅಟ್ಟಿದ್ದರು. ಸಂಜೆ ಅವನ ಮನೆಗೆ ಹೋಗಿ, ಏನು ಕಷ್ಟವೆಂದು ಕೇಳಿ ಬಂದವರೂ ಅವರೇ.

ನೀನಿನ್ನೂ ಚಿಕ್ಕವಳಿದ್ದಾಗ, ರಿಪೇರಿಯಾಗಿ ಹೊರಟ ಬಸ್ಸೊಂದು ಬ್ರೇಕ್ ಹಿಡಿಯದೆ ಕಾಂಪೌಂಡಿಗೆ ಗುದ್ದಿತು. ಡ್ರೈವರ್‌ನ ಭುಜದ ಮೂಳೆ ಮುರಿಯಿತು. ಅಂದೇ ದೊಡ್ಡ ಸಾಹೇಬರು ಶೆಡ್ಡಿಗೆ ಬಂದು ಕೂಗಾಡಿದರಂತೆ.

"ಯಾರ ಕೈಕೆಲಸ ಇದು? ಹೆಸರು ಹೇಳಿ!"

"ಸರಿಯಿದೆ ಅಂತ ಬಸ್ಸು ಬಿಟ್ಟವನು ನಾನು. ನನ್ನ ಹೆಸರೇ ಬರ್ಕೊಳ್ಳಿ," ಎಂದರು ನಿನ್ನಪ್ಪ.

ಸಾಹೇಬರು ಹೋದಮೇಲೆ ಎಲ್ಲರನ್ನೂ ಕರೆದು, ಹಳೆಯ ಟೈರಿನ ಮೇಲೆ ಕೂತು, "ಯಾರು ಅಂತ ಬೇಡ. ಹೇಗಾಯ್ತು ಅಂತ ಹೇಳಿ. ನಾಳೆ ಇನ್ನೊಂದು ಬಸ್ಸು ಹೀಗಾಗ್ಬಾರ್ದು," ಎಂದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಗುಂಗುರು ಎದ್ದು ನಿಂತ. ನಿನಗೆ ನೆನಪಿರಬೇಕು, ಗುಂಗುರು ಕೂದಲಿನ ಮೆಕ್ಯಾನಿಕ್. ಈಗ ತಲೆ ಪೂರ್ತಿ ಬೋಳು, ಹೆಸರು ಮಾತ್ರ ಉಳಿದಿದೆ.

"ನಾನೇ ಸಾರ್. ಬೋಲ್ಟ್ ಬಿಗಿ ಮಾಡ್ತಿದ್ದೆ. ಅಷ್ಟ್ರಲ್ಲಿ ಇನ್ನೊಂದು ಬಸ್ಸಿಗೆ ಬಾ ಅಂತ ಕೂಗಿದ್ರು, ಎದ್ದು ಹೋದೆ. ವಾಪಸ್ ಬಂದಾಗ ಬಿಗಿ ಮಾಡಿ ಆಗಿದೆ ಅಂದ್ಕೊಂಡ್ಬಿಟ್ಟೆ."

"ಕೂಗಿದ್ದು ಯಾರು?"

ಗುಂಗುರು ನೆಲ ನೋಡಿದ. "ನೀವೇ ಸಾರ್."

ನಿನ್ನಪ್ಪ ಟೈರಿನಿಂದ ಎದ್ದು ಅವನ ಹತ್ತಿರ ಬಂದು, "ಹಾಗಾದ್ರೆ ಹೆಸರು ಸರಿಯಾಗೇ ಬರ್ಸಿದೀನಿ ಬಿಡು," ಎಂದರಂತೆ. ಬಸ್ಸಿನಡಿ ಇರುವವರನ್ನು ಯಾರೂ ಕೂಗಬಾರದು ಎಂಬ ನಿಯಮ ಬಂದದ್ದು ಅಂದಿನಿಂದ. ಏನಾದರೂ ಹೇಳಬೇಕಾದರೆ ನಿನ್ನಪ್ಪನೇ ಹೋಗಿ ಬಸ್ಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಲಸದವನು ಹೊರಬರುವ ತನಕ ಕಾಯುತ್ತಿದ್ದರು. ಸಂಜೆ ಮನೆಗೆ ಬಂದು ಕಾಲು ನೀವಿಕೊಳ್ಳುವುದನ್ನು ನೀನೂ ನೋಡಿದ್ದೀಯ.

ಆ ವರ್ಷ ಬರಬೇಕಿದ್ದ ಬಡ್ತಿ ಇನ್ಯಾರದೋ ಪಾಲಾಯಿತು. ಕೊನೆಯವರೆಗೂ ಅದೇ ಕುರ್ಚಿ. ನನಗೆ ಸಿಟ್ಟು ನೆತ್ತಿಗೇರಿ ಸುಮಾರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ದಿನ ಅವರೇ ಅಡುಗೆಮನೆಗೆ ಬಂದು, "ಗುಂಗುರು ನನ್ನ ತಪ್ಪನ್ನ ನನ್ನ ಮುಖಕ್ಕೇ ಹೇಳ್ದ ಕಣೇ. ಇದಕ್ಕಿಂತ ದೊಡ್ಡ ಬಡ್ತಿ ಯಾವ್ದಿದೆ?" ಎಂದರು. ಆಗ ಅವರ ಮುಖ ನೋಡಬೇಕಿತ್ತು ನೀನು, ಬಹುಮಾನ ಗೆದ್ದ ಮಗುವಿನ ಹಾಗಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಹುಡುಗಿಯರು ಒಂದೇ ದಿನಕ್ಕೆ ಬಾಯಿ ಬಿಡುವುದಿಲ್ಲ ಮಗಳೇ. ಅವರ ಪಕ್ಕ ನೀನೂ ಒಂದಿಷ್ಟು ದಿನ ಕಾದು ನೋಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಿಂದ ನಾಲ್ಕು ಜನಕ್ಕೆ ನೆಮ್ಮದಿ ಸಿಗಲಿ, ನೀನೂ ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಬರೆಯಬಾರದೆಂದೇ ಇದ್ದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಹೋದ ವಾರ ಗುಂಗುರು ಬಂದಿದ್ದ, ನನ್ನ ಮಂಡಿ ನೋವು ವಿಚಾರಿಸಿ ಹೊರಟವನು ಬಾಗಿಲಲ್ಲಿ ನಿಂತು ಅತ್ತುಬಿಟ್ಟ. ಅಪ್ಪನಿಗೆ ತೀರಿಹೋಗುವ ಮುಂಚಿನ ವರ್ಷವಿಡೀ ಎದೆನೋವು ಬರುತ್ತಿತ್ತಂತೆ. ಶೆಡ್ಡಿನ ಹಿಂದೆ ಕಂಬ ಹಿಡಿದು ನಿಂತಿದ್ದನ್ನು ಇವನು ನೋಡಿದಾಗ, "ಮನೇಲಿ ಹೇಳ್ಬೇಡ, ಮಗಳ ನರ್ಸಿಂಗ್ ಪರೀಕ್ಷೆ ಹತ್ರ ಬಂದಿದೆ," ಎಂದು ಮಾತು ತೆಗೆದುಕೊಂಡಿದ್ದರಂತೆ. ನಾನು, "ಮುಖ ಬಾಡಿದೆಯಲ್ಲ," ಎಂದಾಗಲೆಲ್ಲ, "ಗುಂಡುಕಲ್ಲಿನ ಹಾಗಿದೀನಿ," ಎನ್ನುತ್ತಿದ್ದರು. ಎಲ್ಲರ ಬಾಯಿಂದ ನಿಜ ಹೊರಡಿಸಿದವರು, ತಮ್ಮದನ್ನು ನನಗೆ ಹೇಳಲಿಲ್ಲ. ಅದೊಂದರಲ್ಲಿ ಅಪ್ಪನ ಹಾಗಾಗಬೇಡ ಪುಟ್ಟಿ. ನಿನಗೆ ನೋವಾದರೆ ಹೇಳು. ಮೊದಲು ನನಗೆ ಹೇಳು.