ಹೊಳಪು ತೆಗೆದ ಮೆಟ್ಟಿಲು

ಭಾನುವಾರ, ಮಾರ್ಚ್ ೧೨

ನನ್ನ ಮೇಲಿನ ಮುನಿಸನ್ನೂ ಬುತ್ತಿಯ ಜೊತೆ ಕಟ್ಟಿಕೊಂಡು ಹೋದ ನಿಮಗೆ,

ಫೋನಿನಲ್ಲಾದರೆ ಅಮ್ಮ ಹೇಗಿದ್ದಾಳೆ ಎಂದು ಕೇಳಿ, ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹೂಂ ಅಂದರೆ ಸಾಲದು, ಕೊನೆಯವರೆಗೂ ಓದಬೇಕು; ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನಿಮಗೆ ಬೇಕಾದ ಸುದ್ದಿ. ಅತ್ತೆಯ ಸೊಂಟದ ಮೂಳೆ ಕೂಡಿಕೊಂಡಿದೆ. ಡಾಕ್ಟರು ವಾಕರ್ ಬಿಡಿಸಿ ಕೈಗೆ ಕೋಲು ಕೊಟ್ಟಿದ್ದಾರೆ. ಕೋಲು ಸಿಕ್ಕ ಮೇಲೆ ಅಧಿಕಾರವೂ ಹೆಚ್ಚಿದೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅದರಲ್ಲೇ ತೋರಿಸಿ ಇಳಿಸುತ್ತಾರೆ.

ಇನ್ನು ಮೆಟ್ಟಿಲ ವಿಷಯ. ಅಂಗಳದ ಮೆಟ್ಟಿಲಿಗೆ ಕಲ್ಲು ಆರಿಸಿದ ದಿನ ನೀವು ಹೇಳಿದ್ದು ಒಂದೂ ಮರೆತಿಲ್ಲ. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಗಂಟೆಯ ಹಾಗೆ ದನಿ ಬಂದರೆ ಒಳಗೆ ಬಿರುಕಿಲ್ಲ ಎಂದಿರಿ. ಅಮೃತಶಿಲೆಗೆ ನಿಂಬೆರಸ ಬಿದ್ದರೂ ಕಲೆ ಎಂದಿರಿ. ಕರಿ ಗ್ರಾನೈಟ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ, ಆದರೆ ಬಯಲಿನ ಮೆಟ್ಟಿಲಿಗೆ ಪಾಲಿಶ್ ಬೇಡ ಎಂದಿರಿ. "ಭಾರ ಹೊರೋದು ಕಲ್ಲಿನ ಗುಣ, ಕಾಲು ಹಿಡಿಯೋದು ಅದರ ಮೈಯ ಗುಣ." ಕನ್ನಡಿಯಂಥದ್ದೇ ಇರಲಿ ಎಂದು ಹಟ ಹಿಡಿದದ್ದು ನನ್ನ ಬಾಯಿ. ಇಲ್ಲವೆನ್ನುವುದಿಲ್ಲ.

ಮೊದಲ ಮಳೆಗೇ ಅತ್ತೆ ಜಾರಿದರು. ಆಸ್ಪತ್ರೆಯಲ್ಲಿ, ಅವರ ಮಂಚದ ಪಕ್ಕದಲ್ಲೇ ನಿಂತು, "ನಿನ್ನ ಅಂದದ ಹುಚ್ಚಿಗೆ ನನ್ನಮ್ಮನ ಸೊಂಟ ಮುರೀತು" ಎಂದಿರಿ. ಅವರು ಮನೆಗೆ ಬಂದ ವಾರದಲ್ಲೇ ದೂರದ ಸೇತುವೆ ಕೆಲಸ ಹಿಡಿದು ಹೊರಟಿರಿ. ಏನು ಹೇಳಿದರೂ ಆಗ ನಿಮಗೆ ಕೇಳಿಸುತ್ತಿರಲಿಲ್ಲ.

ಕಳೆದ ತಿಂಗಳು ನಿಮ್ಮ ಹಳೇ ಉಳಿ, ಸುತ್ತಿಗೆ, ಚಕ್ಕೆ ತಡೆಯುವ ಕನ್ನಡಕ ಹುಡುಕಿ ತೆಗೆದೆ. ಅತ್ತೆ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಯಾದರು. ಮಾವ ಕಲ್ಲು ಕೆತ್ತುವುದನ್ನು ನಲವತ್ತು ವರ್ಷ ನೋಡಿದವರಲ್ಲವೇ? "ಕಲ್ಲನ್ನ ಕೊಲ್ಲಬೇಡ ಕಣೇ, ಕಚಗುಳಿ ಇಡು ಸಾಕು" ಎನ್ನುವರು. ಮೊದಲ ಮೆಟ್ಟಿಲಲ್ಲಿ ಅಂಚಿಗೆ ತೀರ ಹತ್ತಿರ ಹೊಡೆದು ಬೆರಳುದ್ದದ ಚಕ್ಕೆ ಹಾರಿಹೋಯಿತು. ನನಗೆ ಅಳುವೇ ಬಂತು. ಅತ್ತೆ ನಕ್ಕು, "ನಿನ್ನ ಗಂಡ ಮೊದಲನೇ ದಿನ ಇಡೀ ಕಲ್ಲನ್ನೇ ಒಡೆದಿದ್ದ" ಎಂದರು. ಇದನ್ನು ಮಾತ್ರ ನೀವು ಇಷ್ಟು ವರ್ಷ ಹೇಳಿಯೇ ಇರಲಿಲ್ಲ.

ಆಮೇಲೆ ಅಂಚಿನಿಂದ ಎರಡು ಬೆರಳು ಬಿಟ್ಟು, ಅಂಗೈ ಅಗಲದ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ಎಂಥ ಗಟ್ಟಿ ಕಲ್ಲು ತಂದಿದ್ದೀರಿ ಮಾರಾಯರೇ, ಉಳಿಯನ್ನು ಮೂರು ಸಲ ಸಾಣೆ ಹಿಡಿಸಬೇಕಾಯಿತು. ಒಂಬತ್ತು ಮೆಟ್ಟಿಲಿಗೆ ಹನ್ನೊಂದು ದಿನ. ಕೆತ್ತಿದ ಕಡೆ ಕಪ್ಪು ಹೋಗಿ ಬೂದಿ ಬಣ್ಣ ಬಂದಿದೆ, ಸಾಲೂ ಸೊಟ್ಟ. ನಿನ್ನೆ ಒಂದು ಕೊಡ ನೀರು ಸುರಿದು ಬರಿಗಾಲಲ್ಲಿ ಹತ್ತಿಳಿದೆ. ಕಾಲು ಜಾರಲಿಲ್ಲ.

ಆದರೂ ಅತ್ತೆಯನ್ನು ಇಳಿಸಲು ನನಗೆ ಧೈರ್ಯ ಸಾಲದು. ನೀವು ಬಂದು ನೋಡಿ ಸರಿ ಎನ್ನಬೇಕು. ಬೈಯುವುದಿದ್ದರೂ ಬಂದೇ ಬೈಯಿರಿ. ಊಟಕ್ಕೆ ಈಗಲೂ ಮರೆತು ಮೂರು ತಟ್ಟೆ ಇಡುತ್ತೇನೆ, ಆಮೇಲೆ ಒಂದನ್ನು ಎತ್ತಿಡುತ್ತೇನೆ.

ದಾರಿ ನೋಡುತ್ತಿರುವ,
ನಿಮ್ಮವಳು

ತಾ.ಕ. ಪುಟ್ಟಾ, ಇದು ಅಮ್ಮ ಬರೀತಿರೋದು. ಲಕೋಟೆ ತರೋಕೆ ಇವಳು ಒಳಗೆ ಹೋಗಿದ್ದಾಳೆ. ಹೊಳೆಯೋ ಕಲ್ಲು ಬೇಕು ಅಂದಿದ್ದು ನಾನು ಕಣೋ. ನಿಮ್ಮಪ್ಪ ಜೀವಮಾನವೆಲ್ಲ ಕಂಡವರ ಮನೆಗೆ ಹೊಳಪಿನ ಕಲ್ಲು ಹಾಕಿದ್ರು, ನಮಗೆ ಉಳಿದಿದ್ದು ಒಡೆದ ಚೂರೇ. ಒಂದ್ಸಲ ನನ್ನ ಮನೆ ಮೆಟ್ಟಿಲಲ್ಲಿ ನನ್ನ ಮುಖ ಕಾಣ್ಲಿ ಅಂತ ಆಸೆ. ನಿನ್ನನ್ನ ಕೇಳಿದ್ರೆ ಪಾಠ ಶುರು ಮಾಡ್ತೀಯ ಅಂತ ಇವಳ ಬಾಯಲ್ಲಿ ಹೇಳಿಸಿದೆ. ಆಸ್ಪತ್ರೇಲಿ ನೀನು ಅವಳನ್ನ ಅಂದಾಗ ನನಗೆ ಎಚ್ಚರ ಇತ್ತು. ಕಣ್ಣು ಮುಚ್ಕೊಂಡು ಮಲಗಿದ್ದೆ. ಬೇಗ ಬಾ. ಮೊದಲು ಅವಳ ಮಣಿಕಟ್ಟು ನೋಡು, ಹೇಗೆ ಊದಿದೆ ಅಂತ. ಮೆಟ್ಟಿಲು ಆಮೇಲೆ ನೋಡಿದ್ರಾಯ್ತು.