ಸೆಲ್ಮರನ ಜಿಂಕೆಯ ಪೀಠ

ಟ್ಯಾಮರಾಕ್ ಕ್ರೀಕ್, ವಿಸ್ಕಾನ್ಸಿನ್
ನವೆಂಬರ್ ೯, ೧೯೮೭

ಪ್ರೀತಿಯ ಮಾರ್ಲಿಸ್,

ಮೂರು ರಾಜ್ಯಗಳ ಗವರ್ನರುಗಳು ತಂತಮ್ಮ ಜಿಂಕೆ ತಲೆಗಳನ್ನು ಕಂಕುಳಲ್ಲಿ ಅವುಚಿಕೊಂಡು, 'ಓಡೆಲ್ ಅವರೇ, ನಮಗೂ ಒಂದು ಪೀಠ ಮಾಡಿಕೊಡಿ' ಎಂದು ನನ್ನ ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದರಿಂದ ನಿನ್ನ ಪತ್ರಗಳಿಗೆ ಉತ್ತರ ಬರೆಯುವುದು ತಡವಾಯಿತು. ಚಿಕ್ಕಪ್ಪನನ್ನು ಕ್ಷಮಿಸು. ನಾನು ಕ್ಷೇಮ, ಎಡ ಮೊಣಕಾಲೊಂದನ್ನು ಬಿಟ್ಟು. ಹಡಗಿನ ಅಡುಗೆಮನೆಯಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ. ಸರೋವರದ ಮೇಲೆ ಈ ತಿಂಗಳ ಗಾಳಿ ಒಳ್ಳೆಯದಲ್ಲ, ಸೂಪಿನ ಪಾತ್ರೆಯನ್ನು ಕಟ್ಟಿಹಾಕು.

ನೀನು ಪ್ರತಿ ಪತ್ರದಲ್ಲೂ ಕೇಳಿದ್ದು ಒಂದೇ ಮಾತು: ಅಪ್ಪನ ಜಿಂಕೆ ಸಿಕ್ಕಿತೇ?

ಸಿಗಲಿಲ್ಲ, ಮಗಳೇ.

ಮೊದಲು ಪೀಠದ ವಿಷಯ ಹೇಳಿಬಿಡುತ್ತೇನೆ. ಸೆಲ್ಮರ್ ಅಣ್ಣನ ಮಣ್ಣಿಗೆ ಬಂದಾಗ ನೀನು ಅದನ್ನು ನೋಡಿದ್ದೆ, ಆದರೆ ಆ ದಿನ ಯಾರಿಗೆ ಏನು ಕಣ್ಣಿಗೆ ಬಿತ್ತು? ಜಿಂಕೆಯ ತಲೆಯ ಚರ್ಮಕ್ಕೆ ಹೊಟ್ಟು ತುಂಬಿ ಕೊಟ್ಟವನು ಅದನ್ನು ಗೋಡೆಗೆ ಹಾಕಲು ಬಾರದ ಹಾಗೆ, ಬೆನ್ನ ಕಡೆಯೂ ಮುಚ್ಚಿ, ಸುತ್ತಲಿಂದ ನೋಡುವ ಹಾಗೆ ಮಾಡಿದ್ದ. ಅಂಥದ್ದಕ್ಕೆ ಕೆಳಗೊಂದು ಕಂಬ ಬೇಕೇ ಬೇಕು. ಕಾಯಿಲೆ ಮಲಗಿದ್ದ ನಿಮ್ಮಪ್ಪ, "ಓಡೆಲ್, ಅಂಗಡೀದು ಬೇಡ ಕಣೋ. ನೀನೇ ಮಾಡು. ಬೀಳದ ಹಾಗ್ ಮಾಡು" ಎಂದಿದ್ದ. ನಮ್ಮಿಬ್ಬರ ಹೊಲದ ನಡುವಿನ ಬೇಲಿಯಿಂದ ಸೀಡರ್ ಮರದ ಗೂಟವೊಂದನ್ನು ಕಿತ್ತು ಕಂಬ ಮಾಡಿದೆ. ಕೊಂಬಿನ ಭಾರ ಮುಂದಕ್ಕೆ ಎಳೆಯುತ್ತದೆ, ಅದಕ್ಕೇ ಅಡಿಯಲ್ಲಿ ಹಳೆಯ ನೇಗಿಲಿನ ಕಬ್ಬಿಣದ ತಟ್ಟೆ ಹುದುಗಿಸಿ ಮೇಲೆ ಪಾಚಿ ಮುಚ್ಚಿದೆ. ಕಂಬಕ್ಕೆ ಸುತ್ತಲು ತಂದ ಬರ್ಚ್ ಮರದ ತೊಗಟೆಯಲ್ಲಿ ಹುಳು ಉಳಿದರೆ ನಾಳೆ ಜಿಂಕೆಯ ಚರ್ಮಕ್ಕೇ ಹತ್ತುತ್ತದೆ ಎಂದು ಅದನ್ನು ನಿನ್ನ ಮಲತಾಯಿ ಲೋರ್ನಾಳ ಒಲೆಯಲ್ಲಿ ಬೇಯಿಸಿದೆ. ಮನೆ ತುಂಬ ಹೊಗೆ. "ನಿನ್ನನ್ನೂ ಅದರ ಜೊತೆಗೇ ಬೇಯಿಸ್ತೀನಿ!" ಎಂದು ಕಿರುಚಿದಳು. ಅಣ್ಣ ಹಾಸಿಗೆಯಲ್ಲಿ ನಕ್ಕು ನಕ್ಕು ಕೆಮ್ಮಿದ.

ಕಂಬದ ನೆತ್ತಿಗೆ ಟ್ರಕ್ಕಿನ ಚಕ್ರದ ಬೇರಿಂಗ್ ಕೂರಿಸಿದ್ದೆ. ಒಂದು ಬೆರಳು ಸಾಕು, ಜಿಂಕೆ ತಿರುಗುತ್ತಿತ್ತು. ಬೆಳಿಗ್ಗೆ ನಿಮ್ಮಪ್ಪ ಮಲಗಿದಲ್ಲಿಂದಲೇ ಊರುಗೋಲು ಚಾಚಿ ಅದನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದ. ಸಂಜೆ ತನ್ನ ಕಡೆ. "ಮಾರ್ಲಿಸ್ ಇದನ್ನ ಜೌಗಿನಿಂದ ಒಬ್ಬಳೇ ಎಳ್ಕೊಂಡ್ ಬಂದ್ಲು ನೋಡು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅವನು ಹೋದ ಮೇಲೆ ಲೋರ್ನಾ ಸಾಮಾನೆಲ್ಲ ಹರಾಜಿಗಿಟ್ಟು, ಮನೆ ಖಾಲಿ ಮಾಡಿ ಅರಿಜೋನಾದ ತಂಗಿಯ ಬಳಿಗೆ ಹೊರಟಳು. ಜಿಂಕೆಯನ್ನಾದರೂ ಹುಡುಗಿಗೆ ಬಿಡು ಎಂದೆ. "ಎಲ್ಲರ ಹಾಗೆ ಹರಾಜಲ್ಲಿ ಕೂಗು ಓಡೆಲ್. ನನ್ನ ಒಲೆ ಇನ್ನೂ ವಾಸನೆ ಹೊಡೀತಿದೆ" ಎಂದಳು.

ಕೂಗೋಣ, ಅದಕ್ಕೇನು ಎಂದುಕೊಂಡೆ. ನಮ್ಮ ಕಡೆಯ ಹರಾಜು ನಿನಗೆ ಗೊತ್ತಲ್ಲ. ಸತ್ತವನ ಮನೆಯವರು ಕೈ ಎತ್ತಿದರೆ ಊರವರು ಕೈಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗೇ ಆಯಿತು. ಪಕ್ಕದ ಹೊಲದ ಕ್ಲಾರೆನ್ಸ್ ಹೆಂಡತಿಯ ಕೈಯನ್ನೂ ತನ್ನ ಜೇಬಿಗೇ ತುರುಕಿಕೊಂಡ. ಇಪ್ಪತ್ತು ಡಾಲರಿಗೆ ಮುಗಿಯಬೇಕಿತ್ತು.

ಆದರೆ ಆ ಬೆಳಿಗ್ಗೆ ಚಿಕಾಗೋದಿಂದ ಪ್ರೆಂಟಿಸ್ ಎಂಬವನು ಬಂದಿದ್ದ. ಕೆರೆಯ ಆಚೆ ಪ್ರವಾಸಿಗರಿಗೆಂದು ಮರದ ಅತಿಥಿಗೃಹ ಕಟ್ಟಿದ್ದಾನೆ. ಹರಾಜಿಗೆ ಮುಂಚೆ ಸಾಮಾನು ನೋಡುತ್ತಾ ಅವನು ಜಿಂಕೆಯನ್ನು ದಾಟಿ ಹೋಗಿದ್ದ, ದಾಟಿಯೇ ಹೋಗಿದ್ದ. ನಾನೇ ಕರೆದೆ. "ಸ್ವಾಮಿ, ಇಲ್ಲೊಂದ್ ಬೆರಳು ಇಟ್ಟು ನೋಡಿ" ಎಂದೆ. ಜಿಂಕೆ ತಿರುಗಿತು. ನೇಗಿಲ ತಟ್ಟೆಯ ಗುಟ್ಟು ಹೇಳಿದೆ, ಬೇರಿಂಗ್ ತೋರಿಸಿದೆ. "ಯಾರ್ರೀ ಮಾಡಿದ್ದು ಇದನ್ನ?" ಎಂದ. ದೂರದಿಂದ ಕ್ಲಾರೆನ್ಸ್, "ಓಡೆಲ್, ಬಾಯಿಗೊಂದು ಬೀಗ ಹಾಕ್ಕೊಳೋ!" ಎಂದು ಕೂಗಿದ. ನನಗೆ ಕೇಳಿಸಿತು.

ಊರಿನ ಮರ್ಯಾದೆ ಚಿಕಾಗೋದವನಿಗೇನು ಗೊತ್ತು? ಅವನು ಸಾವಿರ ಎಂದ, ನಾನು ಎರಡು ಎಂದೆ. ಕೊನೆಗೆ ಐದು ಸಾವಿರ ಡಾಲರಿನ ತನಕ ಹೋರಾಡಿ ಸೋತೆ. ಚಿಕ್ಕಪ್ಪನ ಬಳಿ ಅಷ್ಟು ಎಲ್ಲಿಂದ ಬರಬೇಕು, ಹೇಳು.

ಹೋದ ವಾರ ಅವನ ಅತಿಥಿಗೃಹಕ್ಕೆ ಹೋಗಿದ್ದೆ. ಪೀಠ ಹಜಾರದ ನಡುವೆಯೇ ಇದೆ, ಬೆಂಕಿಗೂಡಿನ ಮುಂದೆ. ಅದರ ಮೇಲೊಂದು ಕಾಡುಬೆಕ್ಕು ಹಲ್ಲು ಕಿರಿದು ಕೂತಿದೆ. ಕಂಬಕ್ಕೆ ಹಿತ್ತಾಳೆಯ ಫಲಕ, ಅದರಲ್ಲಿ ಪ್ರೆಂಟಿಸನ ಹೆಸರು. ಕಾಫಿ ಕುಡಿಯುತ್ತಿದ್ದ ಹೆಂಗಸೊಬ್ಬಳು ಬೆಕ್ಕನ್ನು ಗಿರಗಿರನೆ ತಿರುಗಿಸಿ ನಗುತ್ತಿದ್ದಳು.

"ಜಿಂಕೆ ಎಲ್ಲಿ?" ಎಂದೆ.

"ಅದಾ? ಕಣ್ಣು ಸ್ವಲ್ಪ ಮಂಕಾಗಿತ್ತು. ಕೊಂಬನ್ನ ದೀಪಕ್ಕೆ ಬಳಸ್ಕೊಂಡ್ವಿ" ಎಂದ ಪ್ರೆಂಟಿಸ್.

ಹಿಂದಿನ ಕೊಟ್ಟಿಗೆಯಲ್ಲಿ ತಲೆ ಗೋಡೆಗೆ ಮುಖ ಮಾಡಿ ಬಿದ್ದಿತ್ತು, ಬೋಳಾಗಿ. ಗರಗಸದ ಹೊಟ್ಟಿನಲ್ಲಿ ಕೊಂಬಿನ ತುದಿಯೊಂದು ಸಿಕ್ಕಿತು. ಜೇಬಿಗೆ ಹಾಕಿಕೊಂಡು ಬಂದೆ. ಈ ಪತ್ರದ ಜೊತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಮುಂದಿನ ವಾರದ ಶನಿವಾರ ಬೇಟೆ ಶುರು. ಈ ಸಲ ನಾನು ಹೋಗುವುದಿಲ್ಲ, ಮೊಣಕಾಲು. ಹಡಗು ದಡ ಸೇರುವ ತನಕ ದೇವರು ನಿನ್ನ ಕಾಲಡಿಯನ್ನು ಗಟ್ಟಿಯಾಗಿಡಲಿ. ಮೈ ಬೆಚ್ಚಗಿರಲಿ, ಕೈಗೆ ಒಳ್ಳೆಯ ಸಂಬಳ ಬರಲಿ, ನಿಮ್ಮಪ್ಪನ ಹಾಗೆ ನಗುವವನೊಬ್ಬ ಸಿಗಲಿ.

ನಿನ್ನ ಚಿಕ್ಕಪ್ಪ,
ಓಡೆಲ್ ಬ್ರೆಕ್ಕೆ

ತಾ.ಕ.: ಕ್ಲಾರೆನ್ಸ್ ನಿನಗೆ ಹೇಳುವ ಮುಂಚೆ ನಾನೇ ಬರೆದುಬಿಡುತ್ತೇನೆ. ಐದು ಸಾವಿರ ಸುಳ್ಳು. ಪ್ರೆಂಟಿಸ್ ಮುನ್ನೂರ ಇಪ್ಪತ್ತೈದಕ್ಕೆ ಕೂಗಿ ನನ್ನ ಪಕ್ಕದಲ್ಲೇ ನಿಂತಿದ್ದ. ಹರಾಜಿನವನು ನನಗಾಗಿ ಕಾದ. ನೀರು ಕುಡಿದ, ಮೂಗು ಒರೆಸಿಕೊಂಡ, ಇನ್ನೊಮ್ಮೆ ನನ್ನ ಮುಖ ನೋಡಿದ. ಜಿಂಕೆಗೆಂದು ನೀನು ಕಳಿಸಿದ ಆರುನೂರು ಡಾಲರ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಆಗ ಪ್ರೆಂಟಿಸ್ ನನ್ನ ಕಿವಿಯ ಹತ್ತಿರ, "ಇದು ಹಜಾರದ ಮಧ್ಯ ಇರತ್ತೆ. ನಿಮ್ಮ ಹೆಸರಲ್ಲಿ ಹಿತ್ತಾಳೆ ಫಲಕ ಹಾಕಿಸ್ತೀನಿ" ಎಂದ. ಕೂಗಲು ಎತ್ತಬೇಕಿದ್ದ ನಂಬರಿನ ರಟ್ಟನ್ನು ನಾನು ತೊಡೆಗೆ ಒತ್ತಿ ಹಿಡಿದುಕೊಂಡೆ. ನಿನ್ನ ಹಣವೆಲ್ಲ ಬಟ್ಟೆಯೊಳಗೆ ಕೊಂಬಿನ ಜೊತೆಗಿದೆ, ಎಣಿಸಿಕೋ. ನನ್ನ ಕೊನೆಯ ಕೂಗು ಮುನ್ನೂರು. ನಿಮ್ಮಪ್ಪನ ಜಿಂಕೆಯನ್ನು ನಾನು ಸೋತದ್ದು ಇಪ್ಪತ್ತೈದು ಡಾಲರಿಗೆ.